ಬಳಿಚಕ್ರದ ದಾರಿಯಲ್ಲಿ ಒಂದು ಹಳೆಯ ಮೋಟಾರು

ಭೀಮಾನದಿಯ ಮಗ್ಗುಲಲ್ಲಿರುವ ಯಾದಗಿರಿಯು ನಮ್ಮ ವಾಚಕರಲ್ಲಿ ಅನೇಕರಿಗೆ ರೈಲಿನ ಕಿಟಕಿಯಿಂದ ಮಾತ್ರ ಪರಿಚಿತವಾಗಿರಬಹುದು. ಮುಂಬಯಿಯ ಕಡೆಯ ಹಳಿಯೂ ಮದರಾಸಿನ ಕಡೆಯ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಒಂದಾದಂದಿನಿಂದ ಈ ಪಟ್ಟಣವನ್ನು ದಾಟಿ ಹೋದವರಿಗೆ ಲೆಕ್ಕವಿಲ್ಲ. ಇಳಿದು ನೋಡಿದವರು ಕಡಮೆ. ಗಾಡಿಯು ನಿಂತ ಕೆಲವು ನಿಮಿಷಗಳಲ್ಲಿ ಪ್ರಯಾಣಿಕನು ಬಂಡೆಯ ಬೆಟ್ಟವನ್ನೂ ಅದರ ಮೇಲಣ ಕೋಟೆಯನ್ನೂ ಕಂಡು, ಬಿಸಿಲನ್ನು ಬೈದು, ಚಹ ಕುಡಿದು ಮುಂದೆ ಸಾಗುವನು. 1948ರ ವರೆಗೆ ಇದು ಹೈದರಾಬಾದು ಸಂಸ್ಥಾನಕ್ಕೆ ಸೇರಿದ ಸೀಮೆ. 1956ರಲ್ಲಿ ಕನ್ನಡ ನಾಡಿನೊಡನೆ ಕೂಡಿತು. 2009ರ ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೇರ್ಪಟ್ಟು ತಾನೇ ಒಂದು ಜಿಲ್ಲೆಯಾಯಿತು. ಆದರೂ ಇಲ್ಲಿಯ ಹಳೆಯ ಮನೆತನಗಳಿಗೆ ‘ಪಟ್ಟಣ’ವೆಂದರೆ ಇಂದಿಗೂ ಬೆಂಗಳೂರಲ್ಲ, ಹೈದರಾಬಾದು. ಓದಿಗೆ, ವ್ಯಾಜ್ಯಕ್ಕೆ, ಔಷಧಕ್ಕೆ, ನೌಕರಿಗೆ ಅವರು ಹೋದುದು ಅಲ್ಲಿಗೆ. ಹೋದವರಲ್ಲಿ ಕೆಲವರು ಅಲ್ಲಿಯೇ ನಿಂತರು.

ಬಳಿಚಕ್ರವು ಈ ಯಾದಗಿರಿ ತಾಲ್ಲೂಕಿನ ಒಂದು ಗ್ರಾಮ. ಹೆಸರನ್ನು ಕೇಳಿದೊಡನೆ ಬಲಿಚಕ್ರವರ್ತಿಯನ್ನು ನೆನೆಯುವವರಿದ್ದಾರೆ. ಊರಿನವರು ಬರೆಯುವುದು ಳಕಾರದಿಂದ. ಶಬ್ದದ ಹುಟ್ಟನ್ನು ಪಂಡಿತರಿಗೆ ಬಿಟ್ಟು, ನಾವು ಅದರಲ್ಲಿರುವ ಚಕ್ರವನ್ನಷ್ಟೇ ಹಿಡಿದು ಮುಂದುವರಿಯೋಣ. ಏಕೆಂದರೆ ನಾವು ಅಲ್ಲಿಗೆ ಹೋದುದು ನಾಲ್ಕು ಚಕ್ರಗಳ ಒಂದು ಹಳೆಯ ವಾಹನದಲ್ಲಿ, ಅದರ ನಿಮಿತ್ತವಾಗಿಯೇ.

ನನ್ನ ಮಿತ್ರರೊಬ್ಬರ ತಂದೆಯವರು ಬಳಿಚಕ್ರದಿಂದ ಓದಿಗಾಗಿ ಹೈದರಾಬಾದಿಗೆ ಹೋಗಿ ಅಲ್ಲಿಯೇ ನೆಲೆಸಿದವರು. ನಡುವಯಸ್ಸಿನಲ್ಲಿ ಅವರು ದೇಶವನ್ನು ಬಿಟ್ಟು ಹೊರಟಿದ್ದ ಒಬ್ಬರಿಂದ ಎರಡೇ ಆಸನಗಳ, ತೆರೆದ ಮೈಯ, ಹಸಿರು ಬಣ್ಣದ ಒಂದು ಎಂ.ಜಿ.ಎ. ಕಾರನ್ನು ಕೊಂಡುಕೊಂಡರು. ಅವರು ತೀರಿಕೊಂಡ ಬಳಿಕ ಅದು ಮಿತ್ರರ ಪಾಲಿಗೆ ಬಂದಿತು. ಅದರೊಡನೆ ಎಣ್ಣೆಯ ಸೋರಿಕೆಯೂ ಬಂದಿತು. ನಿಂತಲ್ಲೆಲ್ಲ ನೆಲದ ಮೇಲೆ ಕಪ್ಪು ಹನಿ. ನಗರದ ಒಂದು ಕಾರ್ಖಾನೆಯವರು ಒಮ್ಮೆ ಬಿಗಿಮಾಡಿಕೊಟ್ಟರು, ಸೋರಿಕೆ ಹೆಚ್ಚಿತು. ಎರಡನೆಯ ಸಲ ಪರೀಕ್ಷಿಸಿ, ಯಂತ್ರವನ್ನೇ ಮೇಲೆತ್ತಿ ಬಿಚ್ಚದೆ ಗತಿಯಿಲ್ಲವೆಂದು ದೊಡ್ಡದೊಂದು ಅಂದಾಜನ್ನು ಬರೆದುಕೊಟ್ಟರು. ಅಷ್ಟರಲ್ಲಿ ಕೊಳ್ಳುವವರೊಬ್ಬರು ಬಂದು, ಅದೇ ಸೋರಿಕೆಯನ್ನು ತೋರಿಸಿ, ಬೆಲೆಯನ್ನು ಅರ್ಧಕ್ಕೆ ಇಳಿಸಿ ಕೇಳಿದರು. ಮಿತ್ರರು ಒಪ್ಪಿಕೊಂಡೇಬಿಡುತ್ತಿದ್ದರು. ಆದರೆ ಬಳಿಚಕ್ರದಲ್ಲಿ ಅವರ ಸೋದರತ್ತೆ ಇನ್ನೂ ಬದುಕಿದ್ದಾರೆ, ಎಂಬತ್ತನ್ನು ದಾಟಿದವರು. ತಮ್ಮನ ಕಾರು ಒಮ್ಮೆಯೂ ಊರಿಗೆ ಬರಲಿಲ್ಲವೆಂಬ ಕೊರಗು ಅವರಿಗಿತ್ತು. ‘ಮಾರುವುದಾದರೆ ಮಾರು, ಎಳ್ಳ ಅಮಾವಾಸ್ಯೆಗೆ ಒಮ್ಮೆ ತಂದು ತೋರಿಸು’ ಎಂದು ಹೇಳಿಕಳುಹಿಸಿದರು. ಕೊಳ್ಳುವವರಿಗೆ ಎಂಟು ದಿನದ ವಾಯಿದೆ ಹೇಳಿ ಮಿತ್ರರು ಹೊರಟರು. ಜೊತೆಗೆ ನನ್ನನ್ನು ಕರೆದರು.

ಇಲ್ಲಿ ಆ ಕಾರಿನ ವಿಷಯವಾಗಿ ಎರಡು ಮಾತು ಹೇಳುವುದು ಅವಶ್ಯಕ. ಎಂ.ಜಿ.ಎ. ಎಂಬುದು ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನಲ್ಲಿ 1955ರಿಂದ 1962ರ ವರೆಗೆ ತಯಾರಾದ ಗಾಡಿ. ಒಂದು ಲಕ್ಷಕ್ಕೂ ಮಿಕ್ಕಿ ತಯಾರಾದವು, ಬಹುಭಾಗ ಅಮೆರಿಕಕ್ಕೆ ಹೋದವು. ಮೊದಮೊದಲಿನವುಗಳ ಯಂತ್ರದ ಅಳತೆ 1489 ಘನ ಸೆಂಟಿಮೀಟರು. ಈ ಸಂಖ್ಯೆಯನ್ನು ಕೇಳಿ ನಮ್ಮ ಹಳೆಯ ಸರಕಾರಿ ಚಾಲಕರು ಕಿವಿ ನಿಮಿರಿಸುವರು. ಏಕೆಂದರೆ ಕಲಕತ್ತೆಯ ಬಳಿ ಉತ್ತರಪಾರಾದಲ್ಲಿ 2014ರ ವರೆಗೆ ತಯಾರಾದ ಅಂಬಾಸಿಡರ್ ಕಾರಿಗೂ ಬಹುಕಾಲ ಇದ್ದುದು ಇದೇ ಅಳತೆಯ, ಇದೇ ವಂಶದ ಯಂತ್ರ. ಒಂದು ವಿಲಾಸಿಯ ವಾಹನ, ಇನ್ನೊಂದು ತಹಶೀಲದಾರರ ವಾಹನ. ಎದೆಯೊಳಗೆ ಬಡಿಯುವುದು ಒಂದೇ ಹೃದಯ. ಆದುದರಿಂದ ಅಂಬಾಸಿಡರನ್ನು ಬಲ್ಲ ಮಿಸ್ತ್ರಿಯಿರುವ ಊರಿನಲ್ಲಿ ಈ ಕಾರು ಅನಾಥವಲ್ಲ. ಇದು ಮುಂದೆ ನಮಗೆ ಒದಗಿಬಂದ ಸಂಗತಿ.

ಕೊಡಂಗಲ್ಲು, ಗುರುಮಿಠಕಲ್ಲುಗಳ ಮೇಲೆ ಹಾಯ್ದು ಬಂದೆವು. ಚಳಿಗಾಲದ ಬೆಳಗು. ಒಂದೆಡೆ ತೊಗರಿಯನ್ನು ಕೊಯ್ದು ಒಟ್ಟಿದ್ದರು, ಇನ್ನೊಂದೆಡೆ ಬಿಳಿಜೋಳವು ಎದೆಯೆತ್ತರಕ್ಕೆ ನಿಂತಿತ್ತು. ನಡುನಡುವೆ ಯಾರೋ ಆಡುತ್ತ ಬಿಟ್ಟುಹೋದಂತೆ ಗುಂಡುಬಂಡೆಗಳ ರಾಶಿ. ತೆರೆದ ಕಾರಿನಲ್ಲಿ ಕುಳಿತವನಿಗೆ ನೆಲವು ಬಹಳ ಹತ್ತಿರ. ಕೊಯ್ದ ತೊಗರಿಯ ವಾಸನೆ, ದನದ ಧೂಳಿನ ವಾಸನೆ, ಕಾದ ಎಣ್ಣೆಯ ವಾಸನೆ ಒಟ್ಟಿಗೆ ಬರುತ್ತಿದ್ದವು. ಮಿತ್ರರಿಗೆ ಕೊನೆಯದೊಂದೇ ತಿಳಿಯುತ್ತಿತ್ತು. ಚಹಕ್ಕೆ ನಿಲ್ಲಿಸಿದಾಗಲೆಲ್ಲ ಅವರು ಚಹವನ್ನು ಬಿಟ್ಟು ಕಾರಿನ ಕೆಳಗೆ ಬಾಗುವರು, ಅಳತೆಯ ಕಡ್ಡಿಯನ್ನು ಎಳೆದು ಒರೆಸಿ ಮತ್ತೆ ಇಳಿಬಿಟ್ಟು ನೋಡುವರು, ನಿಟ್ಟುಸಿರುಬಿಡುವರು. ಗುರುಮಿಠಕಲ್ಲಿನಲ್ಲಿ ಅರ್ಧ ಲೀಟರು ಹಾಕಿದರು. ಬಿಡುವಾಗ ಅವರೆಂದರು: ‘ಇದನ್ನು ಅತ್ತೆಗೆ ತೋರಿಸಿ, ಹಾಗೆಯೇ ಲಾರಿಯ ಮೇಲೆ ಹೇರಿ ಕಳುಹಿಸಿಬಿಡುತ್ತೇನೆ.’

ಎಣ್ಣೆಯು ಏಕೆ ಸೋರುವುದೆಂಬುದನ್ನು ಗೃಹಸ್ಥರಾದ ವಾಚಕರು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಕಾರಿಲ್ಲದವರ ಮನೆಯಲ್ಲಿಯೂ ಹಳೆಯ ಸ್ಕೂಟರೋ ನೀರೆತ್ತುವ ಯಂತ್ರವೋ ಇದ್ದೇ ಇರುವುದು. ನಮ್ಮ ಎತ್ತಿನ ಬಂಡಿಯನ್ನು ನೆನೆಯಿರಿ. ಅಚ್ಚಿಗೆ ಹಾಕುವ ಕೀಲೆಣ್ಣೆಯನ್ನು ಹಿಂದಿನವರು ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಮಾಡುತ್ತಿದ್ದರು. ಬಂಡಿಯ ಕೆಳಗೆ ತೂಗುಬಿಟ್ಟ ಗೊಟ್ಟದಲ್ಲಿ ಅದು ಸದಾ ಇರುತ್ತಿತ್ತು. ಅದು ಗುಂಬದಿಂದ ಹೊರಬಂದು ಧೂಳಿನೊಡನೆ ಮೆತ್ತಿಕೊಳ್ಳುವುದನ್ನು ಯಾರೂ ರೋಗವೆಂದು ತಿಳಿಯಲಿಲ್ಲ. (ಔಡಲೆಣ್ಣೆಯನ್ನು ಹಳ್ಳಿಯದೆಂದು ಕಡೆಗಾಣಬೇಡಿ. ಹಿಂದಣ ಪಂದ್ಯದ ಮೋಟಾರುಗಳೂ ವಿಮಾನಗಳೂ ಅದನ್ನೇ ಕುಡಿದು ಓಡಿದವು. 1909ರಲ್ಲಿ ಹುಟ್ಟಿದ ಕ್ಯಾಸ್ಟ್ರಾಲ್ ಎಂಬ ಹೆಸರು ಔಡಲದ ಇಂಗ್ಲಿಷ್ ಹೆಸರಿನಿಂದಲೇ ಬಂದುದು. ಆ ಕಾಲದ ಹೈದರಾಬಾದು ಸಂಸ್ಥಾನವು ಔಡಲ ಬೆಳೆಯುವುದರಲ್ಲಿ ಮುಂದಾಗಿತ್ತು.) ಹಳೆಯ ಆಂಗ್ಲ ಯಂತ್ರಗಳೂ ಸುಮಾರಾಗಿ ಇದೇ ಮನೋಧರ್ಮದವು. ಮುಖ್ಯ ದಂಡವು ಹಿಂಬದಿಯಲ್ಲಿ ಹೊರಬರುವೆಡೆ ಈಗಿನಂತೆ ರಬ್ಬರಿನ ತುಟಿಯಿಲ್ಲ. ದಂಡದ ಮೇಲೆ ತಿರುಪಿನ ಗೆರೆಯೊಂದನ್ನು ಕೊರೆದಿದ್ದಾರೆ. ಯಂತ್ರವು ತಿರುಗುವಾಗ ಆ ತಿರುಪು ಎಣ್ಣೆಯನ್ನು ಒಳಕ್ಕೆ ಹಿಂದಿರುಗಿಸುವುದು. ನಿಂತಾಗ ಹಿಂದಿರುಗಿಸುವವರಿಲ್ಲ, ದಾರಿಯಲ್ಲಿದ್ದ ನಾಲ್ಕು ಹನಿ ಕೆಳಗೆ ಬೀಳುವುದು. ಇದು ದೋಷವಲ್ಲ, ಯಂತ್ರವನ್ನು ಹೆಣೆದ ರೀತಿ. ಉಳಿದ ಸಂದುಗಳಲ್ಲಿ ಬೂಚಿನ ಪಟ್ಟಿಗಳಿರುವುವು. ಬೂಚು ಮರದ ತೊಗಟೆ; ಒಣಗಿದರೆ ಕುಗ್ಗುವುದು, ಬಿಗಿದಷ್ಟೂ ಬಿರಿಯುವುದು. ಓಡಾಡುವ ಗಾಡಿಗಿಂತ ವರ್ಷಗಟ್ಟಲೆ ನಿಂತ ಗಾಡಿಯೇ ಹೆಚ್ಚು ಸೋರುವುದು ಇದರಿಂದಲೇ.

ಮಧ್ಯಾಹ್ನ ಬಳಿಚಕ್ರವನ್ನು ಸೇರಿದೆವು. ಮಕ್ಕಳು ಊರ ಹೊರಗಿನಿಂದಲೇ ಹಿಂದೆ ಓಡಿಬಂದರು. ಅತ್ತೆಯವರು ಅಂಗಳವನ್ನು ಸಾರಿಸಿ ರಂಗೋಲಿಯಿಟ್ಟು, ಕಾರು ಅದರ ಮೇಲೆಯೇ ನಿಲ್ಲಬೇಕೆಂದು ಹಟಹಿಡಿದರು. ಮಿತ್ರರು ಸಂಕೋಚದಿಂದ ಬೀದಿಯಲ್ಲಿ ನಿಲ್ಲಿಸಹೋದರೆ ಬಿಡಲಿಲ್ಲ. ಕಾರಿಗೆ ನೀವಾಳಿಸಿ, ಮುಂದಿನ ದೀಪಗಳಿಗೆ ಕುಂಕುಮ ಹಚ್ಚಿ, ತಮ್ಮನು ಹಿಡಿಯುತ್ತಿದ್ದ ಚಕ್ರವನ್ನು ಕೈಯಿಂದ ಸವರಿ ಸುಮ್ಮನೆ ನಿಂತರು. ನಾವು ಉಂಡೇಳುವಷ್ಟರಲ್ಲಿ ರಂಗೋಲಿಯ ನಡುವೆ ಅಂಗೈಯಗಲದ ಕಪ್ಪು ಮಚ್ಚೆ ಬಿದ್ದಿತ್ತು.

‘ಅತ್ತಿ, ತಪ್ಪು ತಿಳೀಬ್ಯಾಡ. ಇದಕ್ಕೇ ಇದನ್ನ ಮಾರ್ಲಕತ್ತೀನಿ’ ಎಂದರು ಮಿತ್ರರು.

‘ಎಣ್ಣಿ ಸೋರ್ತದಂತ ಮಾರ್ತಿಯೇನೋ ತಮ್ಮಾ? ಸೋರ್ಲಕತ್ತದ ಅಂದ್ರ ಒಳಗ ಎಣ್ಣಿ ಅದ ಅಂತ ಆಯ್ತಲ್ಲ. ಮಿಸ್ತ್ರಿನ್ನ ಕರ್ಸು’ ಎಂದರು ಆಕೆ.

ಯಾದಗಿರಿಯಿಂದ ಮೋಟಾರು ಸೈಕಲ್ಲಿನ ಮೇಲೆ ಮಿಸ್ತ್ರಿಯವರು ಬಂದರು. ಅರುವತ್ತರ ಮೇಲಿನ ವಯಸ್ಸು. ಸರಕಾರಿ ಅಂಬಾಸಿಡರುಗಳನ್ನು ಬಿಚ್ಚಿ ಜೋಡಿಸಿ ಕೈ ಕಪ್ಪಾದವರು. ಬಾನೆಟ್ಟನ್ನೆತ್ತಿ ನೋಡಿದೊಡನೆ ಹಳೆಯ ನಂಟನನ್ನು ಕಂಡವರಂತೆ ನಕ್ಕರು. ‘ಕಾರ್ ಪರದೇಶದ್ದು ಅಂದ್ರಿ ಸಾಹೇಬ್ರ. ಇದು ನಮ್ಮ ಅಂಬಾಸಿಡರೇ ಅಲ್ರೀ, ಎರಡು ಕಾರ್ಬುರೇಟರ್ ಹೆಚ್ಚಿಗಿ ಹಾಕ್ಕೊಂಡದ!’

ಅವರು ಮೊದಲು ಪಾನವನ್ನು ಮುಟ್ಟಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ಏಕೆಂದರೆ ನಗರದ ಕಾರ್ಖಾನೆಯಲ್ಲಿ ಮೊದಲು ಮುಟ್ಟಿದ್ದೇ ಅದನ್ನು. ಯಂತ್ರದ ಮೈಯನ್ನೆಲ್ಲ ಸೀಮೆಎಣ್ಣೆಯ ಬ್ರಷಿನಿಂದ ತೊಳೆದು, ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟರು. ಎಣ್ಣೆಯು ಬೀಳುವ ತಾಣ ಬೇರೆ, ಹುಟ್ಟುವ ತಾಣ ಬೇರೆ. ಓಡುವಾಗ ಗಾಳಿಯು ಅದನ್ನು ಹಿಂದಕ್ಕೆ ತಳ್ಳುವುದು, ಭಾರವು ಕೆಳಕ್ಕೆ ಎಳೆಯುವುದು. ಮುಂದೆ ಮೇಲ್ಗಡೆ ಹುಟ್ಟಿದ ಹನಿಯು ಹಿಂದೆ ಕೆಳಗಡೆ ಬೀಳುವುದು. ಕೆಳಗಿನ ಹನಿಯನ್ನು ನೋಡಿ ಕೆಳಗಿನ ಭಾಗವನ್ನು ಬಿಚ್ಚುವುದೆಂದರೆ ಮಾಳಿಗೆ ಸೋರಿದರೆ ನೆಲವನ್ನು ಅಗೆದಂತೆ. ತೊಳೆದಾದ ಮೇಲೆ ಒಣ ಪುಡಿಯನ್ನು ಕೇಳಿದರು. ಅತ್ತೆಯವರು ರಂಗೋಲಿಯ ಬಟ್ಟಲನ್ನೇ ತಂದರು. ‘ಅದು ಕಲ್ಲಿನ ಹಿಟ್ಟು ಆಯಿ, ಒಳಗ ಹೋದ್ರ ಯಂತ್ರ ತೇಯ್ತದ. ಮುಖಕ್ಕ ಹಚ್ಚೋ ಪೌಡರ್ ಇದ್ರ ಕೊಡ್ರಿ’ ಎಂದರು. ಪೌಡರನ್ನು ಸಂದುಗಳ ಮೇಲೆಲ್ಲ ಉದುರಿಸಿ, ಯಂತ್ರವನ್ನು ಕಾಲು ಗಂಟೆ ನಡೆಸಿ, ಕೆಳಗೆ ಹಳೆಯ ವರ್ತಮಾನಪತ್ರಿಕೆಯನ್ನು ಹಾಸಿ, ನಾಳೆ ಬರುವೆನೆಂದು ಹೊರಟುಹೋದರು.

ಮರುದಿನ ಬೆಳಗ್ಗೆ ಆ ಪೌಡರು ನಕಾಶೆಯಂತಾಗಿತ್ತು. ಬಿಳಿಯ ಮೈಯ ಮೇಲೆ ಕಂದು ಗೆರೆಗಳು, ಎಲ್ಲಿ ಹುಟ್ಟಿ ಎಲ್ಲಿಗಿಳಿದವೆಂಬುದು ಸ್ಪಷ್ಟ. ಪತ್ರಿಕೆಯ ಮೇಲಿನ ಹನಿಗಳನ್ನು ಮಿಸ್ತ್ರಿಯವರು ಬೆರಳಿಗೆ ಹಚ್ಚಿ ಮೂಸಿದರು. ಯಂತ್ರದ ಎಣ್ಣೆಯು ಕಪ್ಪು, ಸುಟ್ಟ ವಾಸನೆ. ಗೇರಿನ ಎಣ್ಣೆಯು ಗಟ್ಟಿ, ಗಂಧಕದ ವಾಸನೆ. ಬ್ರೇಕಿನದು ತೆಳು, ತಿಳಿಬಣ್ಣ, ತಾಗಿದೆಡೆ ಬಣ್ಣವನ್ನು ಎಬ್ಬಿಸುವುದು. ಬ್ರೇಕಿನದೊಂದೇ ಹನಿ ಕಂಡರೂ ಗಾಡಿಯನ್ನು ಅಲ್ಲಿಂದ ಕದಲಿಸಬಾರದೆಂದು ಅವರ ಕಟ್ಟಪ್ಪಣೆ. ನಮ್ಮದರಲ್ಲಿ ಎಲ್ಲವೂ ಯಂತ್ರದ ಎಣ್ಣೆಯೇ ಆಗಿತ್ತು.

ಸೋರಿಕೆಗಳು ಮೂರು. ಕೆಳಗಿನ ಚೇಂಬರಿನಿಂದ ಎಣ್ಣೆ ಇಳಿಸುವ ಬೋಲ್ಟಿನಲ್ಲಿ ಸ್ವಲ್ಪ. ಹಿಂದಿನ ತಿರುಪಿನಿಂದ ಸ್ವಲ್ಪ. ಹೆಚ್ಚಿನದೆಲ್ಲ ಯಂತ್ರದ ಎಡಮಗ್ಗುಲಿನಲ್ಲಿ, ಹೊಗೆಯ ಕೊಳವೆಯ ಹಿಂದೆ ಅವಿತಿರುವ ಎರಡು ತಗಡಿನ ಮುಚ್ಚಳಗಳಿಂದ. ಒಂದೊಂದು ಮುಚ್ಚಳವನ್ನು ನಡುವಿನ ಒಂದೇ ಬೋಲ್ಟು ಹಿಡಿದಿರುವುದು. ಅದನ್ನು ಯಾರೋ ಬಲವೆಲ್ಲವನ್ನೂ ಹಾಕಿ ಬಿಗಿದಿದ್ದರು. ತಗಡು ನಡುವೆ ತಗ್ಗಿ, ಅಂಚುಗಳು ಮೇಲೆದ್ದಿದ್ದವು. ಬಿಗಿದಷ್ಟೂ ಸೋರಿಕೆ ಹೆಚ್ಚಿದುದರ ಗುಟ್ಟು ಇದು.

ಕಾರ್ಬುರೇಟರುಗಳನ್ನೂ ಕೊಳವೆಯನ್ನೂ ಕಳಚಿ ಮುಚ್ಚಳಗಳನ್ನು ಹೊರತೆಗೆಯಲು ಎರಡು ಗಂಟೆ ಹಿಡಿಯಿತು. ಆಗ ಇನ್ನೊಂದು ಸಂಗತಿ ಬೆಳಕಿಗೆ ಬಂದಿತು. ಮುಂದಿನ ಮುಚ್ಚಳದಿಂದ ಹೊರಡುವ ಉಸಿರುಗೊಳವೆಯು ಕಪ್ಪು ಜಿಡ್ಡಿನಿಂದ ಪೂರ್ತಿ ಕಟ್ಟಿಹೋಗಿತ್ತು. ಯಂತ್ರದೊಳಗೆ ಉರಿದ ಗಾಳಿಯಲ್ಲಿ ಸ್ವಲ್ಪ ಪಾಲು ಪಿಸ್ಟನ್ನುಗಳ ಸಂದಿನಿಂದ ಕೆಳಕ್ಕಿಳಿಯುವುದು. ಅದು ಹೊರಹೋಗಲು ಇರುವ ದಾರಿಯೇ ಈ ಕೊಳವೆ. ದಾರಿಯು ಮುಚ್ಚಿದರೆ ಒಳಗೆ ಒತ್ತಡವೇರಿ ಎಣ್ಣೆಯನ್ನು ಸಿಕ್ಕ ಸಂದುಗಳಿಂದೆಲ್ಲ ದೂಡುವುದು. ಯಂತ್ರವನ್ನು ಮೇಲೆತ್ತಿ ಸಾವಿರಾರು ರೂಪಾಯಿಗಳ ಹೊಸ ಸೀಲುಗಳನ್ನು ಹಾಕಿದ್ದರೂ ಈ ಕೊಳವೆ ಕಟ್ಟಿದ್ದರೆ ಅವೂ ಸೋರುತ್ತಿದ್ದವು. ಮಿಸ್ತ್ರಿಯವರು ಅದನ್ನು ತಂತಿಯಿಂದ ಗೀರಿ, ಸೀಮೆಎಣ್ಣೆಯಲ್ಲಿ ನೆನೆಯಿಟ್ಟು, ಬಾಯಿಟ್ಟು ಊದಿ, ಮಿತ್ರರ ಕೈಗೆ ಕೊಟ್ಟರು. ‘ಮೂಗು ಮುಚ್ಚಿದ್ರ ಮನಷ್ಯಾ ಬಾಯಿಲಿಂದ ಉಸ್ರಾಡ್ತಾನ. ಹಂಗೇ ಇದೂ.’

ತಗಡಿನ ಮುಚ್ಚಳಗಳನ್ನು ಮರದ ಮಣೆಯ ಮೇಲೆ ಬೋರಲಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಮೆಲ್ಲನೆ ತಟ್ಟಿ ಅಂಚುಗಳನ್ನು ಸಮಮಾಡಿದರು. ಗಾಜಿನ ಮೇಲಿಟ್ಟು ಬೆಳಕು ತೂರುವುದೋ ಎಂದು ನೋಡಿದರು. ಅವರ ತಗಡಿನ ಡಬ್ಬಿಯಲ್ಲಿ ಅಂಬಾಸಿಡರಿನ ಬೂಚಿನ ಪ್ಯಾಕಿಂಗುಗಳು ಇನ್ನೂ ಉಳಿದಿದ್ದವು, ಬಹಳ ವರ್ಷಗಳಿಂದ ಒಣಗಿ ಕುಗ್ಗಿದ್ದವು. ಎಸೆಯಲಿಲ್ಲ, ಬೆಚ್ಚನೆಯ ನೀರಿನಲ್ಲಿ ನೆನೆಯಿಟ್ಟರು, ಅವು ಹಿಗ್ಗಿ ತಮ್ಮ ಅಳತೆಗೆ ಬಂದವು. ಒರೆಸಿ, ಮುಚ್ಚಳದ ಬದಿಗೆ ಮಾತ್ರ ತೆಳುವಾಗಿ ಅಂಟು ಹಚ್ಚಿ ಕೂರಿಸಿ, ಬೋಲ್ಟನ್ನು ಬೂಚು ತುಸು ಅಮುಕುವಷ್ಟು ಮಾತ್ರ ತಿರುಗಿಸಿದರು. ಕೆಳಗಿನ ಬೋಲ್ಟಿನ ತಾಮ್ರದ ಉಂಗುರವು ಬಡಿಸಿಕೊಂಡು ಗಡುಸಾಗಿತ್ತು. ಅದನ್ನು ಅತ್ತೆಯವರ ಒಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರು. ಕಬ್ಬಿಣವನ್ನು ಹಾಗೆ ಮಾಡಿದರೆ ಗಟ್ಟಿಯಾಗುವುದು, ತಾಮ್ರವು ಮೆತ್ತಗಾಗುವುದು. ಮೆತ್ತಗಾದ ತಾಮ್ರವು ಸಂದನ್ನು ತುಂಬುವುದು. ಹೊಸ ಉಂಗುರಕ್ಕೆ ಯಾದಗಿರಿಗೆ ಹೋಗಿಬರುವ ಕೆಲಸ ತಪ್ಪಿತು.

ಹಿಂದಿನ ತಿರುಪಿನ ಸೋರಿಕೆಯನ್ನು ಮಾತ್ರ ಅವರು ಮುಟ್ಟಲಿಲ್ಲ. ‘ಅದಕ್ಕ ಯಂತ್ರ ಇಳಸ್ಬೇಕು. ಕ್ಲಚ್ಚು ಜಾರ್ಲಕತ್ತಿದ್ರ ಇಳಸ್ರಿ, ಆಗ ಅದನ್ನೂ ನೋಡಮು. ಈಗ ಯಾಕ?’ ಎಂದರು. ಈ ತೀರ್ಪೇ ಸರಿಯೆಂದು ನನ್ನ ಅಭಿಪ್ರಾಯ. ಸ್ಥೂಲವಾಗಿ ಇಪ್ಪತ್ತು ಹನಿಗೆ ಒಂದು ಮಿಲಿಲೀಟರೆಂದು ಹಿಡಿದರೆ, ನಿಮಿಷಕ್ಕೊಂದು ಹನಿ ಬಿಡದೆ ಸೋರಿದರೂ ದಿನಕ್ಕೆ 72 ಮಿಲಿಲೀಟರು. ಒಂದು ಲೀಟರು ಹೋಗಲು ಹದಿನಾಲ್ಕು ದಿನ ಬೇಕು. ರಾತ್ರಿಗೆ ಏಳೆಂಟು ಹನಿಯೆಂದರೆ ಲೆಕ್ಕಕ್ಕೇ ಬಾರದು. ಅದಕ್ಕಾಗಿ ಯಂತ್ರವನ್ನು ಬಿಚ್ಚುವವನು ಬಿಚ್ಚಿದ ಕೂಲಿಗೆ ಎಣ್ಣೆಯನ್ನೇ ಕೊಂಡಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಸಾಲುತ್ತಿತ್ತು. ಎಣ್ಣೆಯು ಕೆಂಪಗೆ ಕಾದ ಹೊಗೆಗೊಳವೆಯ ಮೇಲೆ ಬೀಳುತ್ತಿದ್ದರೆ, ಚಕ್ರದ ಒಳಮೈಗೆ ಹತ್ತಿದ್ದರೆ, ಒತ್ತಡದ ಮುಳ್ಳು ಬಿಸಿಯಾದ ಮೇಲೆ ಎಂದಿಗಿಂತ ಕೆಳಗಿಳಿದರೆ, ಆಗ ಮಾತ್ರ ಹನಿಯನ್ನು ಎಣಿಸುತ್ತ ಕೂರಬಾರದು, ಗಾಡಿಯನ್ನು ನಿಲ್ಲಿಸಬೇಕು. ನಮ್ಮ ಕಾರಿನಲ್ಲಿ ಮೊದಲನೆಯ ಅಪಾಯವು ನಿಜವಾಗಿಯೂ ಇತ್ತು; ಮುಚ್ಚಳಗಳ ಎಣ್ಣೆಯು ಕೊಳವೆಯ ಕಡೆಗೇ ಹರಿಯುತ್ತಿತ್ತು. ಗುರುಮಿಠಕಲ್ಲಿನ ದಾರಿಯಲ್ಲಿ ಬಂದ ವಾಸನೆ ಅದೇ. ಸೋರಿಕೆ ನಿಲ್ಲಿಸುವುದೆಂದು ಅಂಗಡಿಗಳಲ್ಲಿ ಮಾರುವ ದ್ರವಗಳ ವಿಷಯವನ್ನೂ ಮಿಸ್ತ್ರಿಯವರನ್ನು ಕೇಳಿದೆ. ರಬ್ಬರನ್ನು ಉಬ್ಬಿಸುವ ಮದ್ದು ಬೂಚಿಗೂ ತಿರುಪಿನ ಗೆರೆಗೂ ಏನು ಮಾಡೀತೆಂದು ಅವರು ಮರುಪ್ರಶ್ನೆ ಹಾಕಿದರು. ಈ ಸೀಮೆಯ ಬೇಸಗೆಗೆ ಹಳೆಯ ಯಂತ್ರಕ್ಕೆ ದಪ್ಪನೆಯ ಎಣ್ಣೆ, ಇಪ್ಪತ್ತು-ಐವತ್ತು ಎಂದು ಡಬ್ಬಿಯ ಮೇಲೆ ಬರೆದಿರುವುದು, ಅದನ್ನೇ ಹಾಕಬೇಕೆಂದೂ ಈಗಿನ ಕಾರುಗಳ ನೀರಿನಂತಹ ಎಣ್ಣೆಯನ್ನು ಹಾಕಬಾರದೆಂದೂ ಹೇಳಿದರು.

ಮರುದಿನ ಎಳ್ಳ ಅಮಾವಾಸ್ಯೆ. ಈ ಭಾಗದಲ್ಲಿ ಇದಕ್ಕಿಂತ ದೊಡ್ಡ ಹಬ್ಬ ರೈತನಿಗೆ ಮತ್ತೊಂದಿಲ್ಲ. ಸಜ್ಜೆಯ ರೊಟ್ಟಿ, ಸಜ್ಜೆಯ ಕಡಬು, ಹಲವು ಕಾಳು ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ, ಶೇಂಗಾದ ಹಿಂಡಿ ಇವನ್ನೆಲ್ಲ ಬುಟ್ಟಿಯಲ್ಲಿಟ್ಟು ಹೊಲಕ್ಕೆ ಒಯ್ದು, ಭೂಮಿತಾಯಿಗೆ ಚರಗ ಚೆಲ್ಲಿ, ನಂಟರಿಷ್ಟರೊಡನೆ ಬೆಳೆಯ ನಡುವೆಯೇ ಕುಳಿತು ಉಣ್ಣುವರು. ಬುಟ್ಟಿಯನ್ನು ಹೊತ್ತು ಹೋಗುವುದು ವಾಡಿಕೆ. ಆ ವರ್ಷ ಮಾತ್ರ ಅತ್ತೆಯವರು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮನ ಕಾರಿನ ಎಡಗಡೆಯ ಆಸನದಲ್ಲಿ, ಸೆರಗನ್ನು ತಲೆಯ ಮೇಲೆ ಬಿಗಿಹಿಡಿದು ಹೊಲದ ದಾರಿಯವರೆಗೆ ಹೋದರು. ನಾನು ಹಿಂದಿನಿಂದ ನಡೆದು ಸೇರಿದೆ. ಊಟದ ನಡುವೆ ಮಿತ್ರರ ಕೈಯಲ್ಲಿದ್ದ ದೂರವಾಣಿ ಎರಡು ಸಲ ಕೂಗಿತು, ಕೊಳ್ಳುವವರ ಕರೆ. ಮೂರನೆಯ ಸಲ ಎತ್ತಿಕೊಂಡು, ಕಾರು ಈಗ ಮಾರಾಟಕ್ಕಿಲ್ಲವೆಂದು ಎರಡು ಮಾತಿನಲ್ಲಿ ಮುಗಿಸಿದರು. ಅತ್ತೆಯವರು ಕೇಳಿಸಿಕೊಳ್ಳದವರಂತೆ ಇನ್ನೊಂದು ಕಡಬನ್ನು ಬಡಿಸಿದರು.

ಮಿಸ್ತ್ರಿಯವರು ಇಳಿಸಿದ ಹಳೆಯ ಎಣ್ಣೆಯನ್ನು ಹೊಲದ ಬದುವಿಗೆ ಸುರಿಯಹೋದ ಹುಡುಗನೊಬ್ಬನನ್ನು ಗದರಿಸಿ, ಅದನ್ನು ಡಬ್ಬಿಯಲ್ಲಿ ತುಂಬಿಸಿಕೊಂಡು ಯಾದಗಿರಿಗೆ ಒಯ್ದರೆಂಬುದನ್ನೂ ಹೇಳಬೇಕು. ಭಾವಿಯಿರುವ ನೆಲಕ್ಕೆ ಅದು ವಿಷ. ಕೂಲಿಯನ್ನು ಕೇಳಿದಾಗ ಅವರು ಹೇಳಿದ ಮೊತ್ತವು ನಗರದವರ ಅಂದಾಜಿನ ನೂರರಲ್ಲಿ ಎರಡು ಪಾಲೂ ಇರಲಿಲ್ಲ. ಮಿತ್ರರು ಅದಕ್ಕೆ ಮೂರರಷ್ಟು ಕೊಟ್ಟರು, ಅವರು ಒಂದರಷ್ಟನ್ನು ಹಿಂದಿರುಗಿಸಿದರು.

ಬಳಿಚಕ್ರದಿಂದ ಯಾದಗಿರಿಗೆ ಬಂದು, ಭೀಮೆಯನ್ನು ದಾಟಿ, ಶಹಾಪುರದ ದಾರಿ ಹಿಡಿದೆವು. ಅಲ್ಲಿಯ ಬೆಟ್ಟಗಳ ಸಾಲು ದೂರದಿಂದ ಮಲಗಿರುವ ಬುದ್ಧನಂತೆ ಕಾಣುವುದು ಪ್ರಸಿದ್ಧವಷ್ಟೆ. ತೆರೆದ ಕಾರಿನಲ್ಲಿ ಹೋಗುವವನಿಗೆ ಆ ಹಣೆ, ಮೂಗು, ಗಲ್ಲಗಳು ಯಾವ ಕಿಟಕಿಯ ಅಡ್ಡಿಯೂ ಇಲ್ಲದೆ ಜೊತೆಜೊತೆಗೆ ಬರುವುವು. ಈ ಸಲ ಮಿತ್ರರು ಅದನ್ನು ನೋಡಿದರು. ಸಂಜೆಗೆ ಸುರಪುರ. ನಾಯಕ ಅರಸರ ಈ ಬೆಟ್ಟದೂರಿನಲ್ಲಿ, ಬಾಲಕ ವೆಂಕಟಪ್ಪ ನಾಯಕನ ಕಾಲದಲ್ಲಿ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು ಕಟ್ಟಿಸಿದ ಬಂಗಲೆ ಇಂದಿಗೂ ಎತ್ತರದಲ್ಲಿ ನಿಂತಿರುವುದು. ಬೆಳೆದು ಅರಸನಾದ ಆ ಬಾಲಕನು 1858ರಲ್ಲಿ ಇಂಗ್ಲಿಷರ ಮೇಲೆ ಎದ್ದು, ಸೋತು, ಸೆರೆಯಲ್ಲಿ ಪ್ರಾಣಬಿಟ್ಟ ಕಥೆಯನ್ನು ಅಲ್ಲಿಯವರು ನಿನ್ನೆ ನಡೆದುದೆಂಬಂತೆ ಹೇಳುವರು. ಅದಕ್ಕೆ ಬೇರೆಯೇ ಒಂದು ಲೇಖನ ಬೇಕು.

ರಾತ್ರಿ ಕಾರಿನ ಕೆಳಗೆ ಪತ್ರಿಕೆಯನ್ನು ಹಾಸಿ ಮಲಗಿದೆವು. ಬೆಳಗ್ಗೆ ಎಣಿಸಿದಾಗ ಐದು ಹನಿ, ಎಲ್ಲವೂ ಹಿಂದಿನ ತಿರುಪಿನ ನೇರಕ್ಕೆ. ಅಳತೆಯ ಕಡ್ಡಿಯಲ್ಲಿ ಎಣ್ಣೆಯು ಮೇಲಿನ ಗೆರೆಗೇ ಇತ್ತು. ಮಿತ್ರರು ಆ ಪತ್ರಿಕೆಯನ್ನು ಮಡಿಸಿ, ಹಿಂದಿನ ಪೆಟ್ಟಿಗೆಯಲ್ಲಿ ಎಣ್ಣೆಯ ಡಬ್ಬಿಯ ಕೆಳಗಿಟ್ಟು, ಚಹಕ್ಕೆ ನಡೆದರು.